ಚೆಕ್‌ರೋಲ್ ಪುಸ್ತಕ, ಡಾಟ್ ಮ್ಯಾಟ್ರಿಕ್ಸ್ ಪೇಪರ್ ಮತ್ತೆ ಒಂದು ಪೇಟೆಂಟ್ ಅರ್ಜಿ

ಹೋದ ವರ್ಷ ಅರೇಬಿಕಾ ಕೊಯ್ಲು ಇನ್ನೇನು ಶುರುವಾಗ್ಬೇಕು ಅನ್ನೋ ಹೊತ್ತಲ್ಲಿ ಆಲ್ದೂರು ಕಡೆಯ ಒಬ್ರು ಗೌಡ್ರು ಫೋನ್ ಮಾಡಿದ್ರು, ನಮ್ಮ ಹಳೇ ಕಸ್ಟಮರ್ರು. "ಅಲ್ಲಪ್ಪಾ, ನಿನ್ ಸಾಫ್ಟ್‌ವೇರ್ ಇಟ್ಕೊಂಡ್ರೆ ನಮ್ ಮೇಲೆ ಕೇಸಾಗುತ್ತಂತಲ್ಲ, ಹೌದಾ?" ಅಂದ್ರು. ಯಾರು ಹೇಳಿದ್ದು ಅಂತ ಕೇಳಿದ್ರೆ ಬೆಂಗಳೂರಿನ ಒಂದು ಕಂಪನಿಯ ಸೇಲ್ಸ್ ಹುಡುಗ ತೋಟಕ್ಕೆ ಬಂದಿದ್ದನಂತೆ, ಕೊಯ್ಲಿನ ತೂಕ ಮೊಬೈಲಲ್ಲಿ ಬರ್ಕೊಂಡು ಕೂಲಿ ಲೆಕ್ಕ ಹಾಕೋದಕ್ಕೆ ನಮ್ದೇ ಪೇಟೆಂಟ್ ಇದೆ, ಬೇರೆಯವರದ್ದು ಬಳಸಿದ್ರೆ ನಿಮಗೇ ತೊಂದ್ರೆ ಅಂದನಂತೆ. ಅವತ್ತು ರಾತ್ರಿ ನಾನು ಊಟ ಸರಿಯಾಗಿ ಮಾಡ್ಲಿಲ್ಲ.

ನಾವಿರೋದು ಚಿಕ್ಕಮಗಳೂರಿನ ಐ.ಜಿ. ರೋಡಲ್ಲಿ, ಒಂದು ಅಂಗಡಿ ಮೇಲಿನ ರೂಮು, ನಾನು ಮತ್ತೆ ನನ್ನ ಚಿಕ್ಕಪ್ಪನ ಮಗ ಇಬ್ರೇ. 2019ರಿಂದ ಕಾಫಿ ತೋಟಗಳಿಗೆ ಕೊಯ್ಲಿನ ಲೆಕ್ಕದ ಸಾಫ್ಟ್‌ವೇರ್ ಮಾಡಿ ಕೊಡ್ತಿದೀವಿ. ತೋಟ ನೋಡದೇ ಇರೋರಿಗೆ ಹೇಳ್ತೀನಿ ಕೇಳಿ, ಸಂಜೆ ಹೊತ್ತು ಹಣ್ಣು ಕುಯ್ದೋರೆಲ್ಲ ಚೀಲ ಹೊತ್ಕೊಂಡು ಕಣದ ಹತ್ರ ಸಾಲಲ್ಲಿ ನಿಲ್ತಾರೆ, ತಕ್ಕಡಿ ಕೊಕ್ಕೆಗೆ ಚೀಲ ಹಾಕ್ತಾರೆ, ಮೇಸ್ತ್ರಿ ನಂಬರ್ ಕೂಗ್ತಾನೆ, ಇಷ್ಟು ಕೇಜಿ ಅಂತಾನೆ, ರೈಟರ್, ಅಂದ್ರೆ ತೋಟದ ಗುಮಾಸ್ತರು, ಚೆಕ್‌ರೋಲ್ ಅನ್ನೋ ಕೂಲಿ ಲೆಕ್ಕದ ಪುಸ್ತಕದಲ್ಲಿ ಬರ್ಕೋತಾರೆ. ಇಷ್ಟು ಕೇಜಿ ತನಕ ದಿನದ ಕೂಲಿ, ಅದರ ಮೇಲೆ ಕುಯ್ದಿದ್ದಕ್ಕೆ ಕೇಜಿಗೆ ಇಷ್ಟು ಅಂತ ಹೆಚ್ಚಿಗೆ. ಶನಿವಾರ ಬಂತು ಅಂದ್ರೆ ರೈಟರ್ ಕೂತು ಕೂಡಿ ಕಳೆದು ಬಟವಾಡೆ ಮಾಡ್ಬೇಕು. ನಮ್ಮ ಸಾಫ್ಟ್‌ವೇರ್ ಮಾಡೋದು ಇಷ್ಟನ್ನೇ, ಪುಸ್ತಕದ ಬದಲು ಫೋನು, ಅಷ್ಟೆ.

ಇಂಥದ್ದಕ್ಕೆ ಒಬ್ರು ಬಂದು ಇದು ನಾವು ಕಂಡುಹಿಡಿದದ್ದು ಅಂತ ಹೇಗೆ ಹೇಳೋಕಾಗುತ್ತೆ ಅನ್ನೋದೇ ನನಗೆ ಅರ್ಥ ಆಗ್ಲಿಲ್ಲ.

ಮಾರನೇ ದಿನ ಪೇಟೆಂಟ್ ಆಫೀಸಿನ ಸೈಟಲ್ಲಿ ಕೂತು ಹುಡುಕಿದೆ. ಆ ಹುಡುಕೋ ಪುಟ ಯಾರು ಬೇಕಾದ್ರೂ ನೋಡ್ಬೋದು, ಲಾಗಿನ್ನೂ ಬೇಡ ದುಡ್ಡೂ ಬೇಡ. ಕಂಪನಿ ಹೆಸರು ಹಾಕಿದ್ರೆ ಮೂರು ಅರ್ಜಿ ಬಂತು, ಅದರಲ್ಲಿ ಒಂದು ಇದೇ. 2021ರಲ್ಲಿ ಹಾಕಿರೋ ಅರ್ಜಿ. ಮೊದಲನೇ ಕ್ಲೈಮ್, ಅಂದ್ರೆ ಇದಿಷ್ಟು ನಮ್ಮ ಹಕ್ಕು ಅಂತ ಕೇಳೋ ಭಾಗ, ಓದಿದೆ, ಒಂದೇ ವಾಕ್ಯ, ಅರ್ಧ ಪುಟ ಉದ್ದ. ಅದನ್ನ ಬಿಡಿಸಿ ಕನ್ನಡದಲ್ಲಿ ಬರ್ಕೊಂಡೆ. ಕೆಲಸಗಾರನ ಗುರುತು ಒಂದು ಕಾರ್ಡಿಂದ ತಗೊಳ್ಳೋದು, ತೂಕದ ಯಂತ್ರದಿಂದ ತೂಕ ತಗೊಳ್ಳೋದು, ಗೊತ್ತುಮಾಡಿದ ಮಿತಿ ದಾಟಿದ್ರೆ ಬೇರೆ ದರದಲ್ಲಿ ಗುಣಿಸೋದು, ಸರ್ವರಿಗೆ ಕಳಿಸೋದು, ವರದಿ ಕೊಡೋದು. ಬರೆದು ಮುಗಿಸಿ ನೋಡಿದ್ರೆ ನಮ್ಮ ಅಜ್ಜನ ಕಾಲದ ರೈಟರ್ ಸಂಜೆ ಮಾಡ್ತಿದ್ದ ಕೆಲಸ, ಹೆಚ್ಚಂದ್ರೆ ಎರಡು ಮೂರು ಯಂತ್ರದ ಹೆಸರು ಸೇರಿದೆ.

ಬೆಂಗಳೂರಲ್ಲಿ ಪೇಟೆಂಟ್ ಏಜೆಂಟ್ ಆಗಿರೋ ಕಾಲೇಜ್ ಗೆಳತಿಗೆ ಫೋನ್ ಮಾಡಿದೆ. ಅವಳು ನಂಬರ್ ನೋಡಿ ಮೊದಲು ಹೇಳಿದ್ದು, "ಇದು ಅರ್ಜಿ ಕಣೋ, ಪೇಟೆಂಟ್ ಅಲ್ಲ. ಇನ್ನೂ ಗ್ರಾಂಟೇ, ಅಂದ್ರೆ ಮಂಜೂರೇ ಆಗಿಲ್ಲ." ಈ ಒಂದು ಮಾತು ಎಲ್ರಿಗೂ ಗೊತ್ತಿರ್ಬೇಕು ಅಂತಾನೇ ನಾನು ಇದನ್ನ ಬರೀತಿರೋದು. ಅರ್ಜಿ ಹಾಕಿದ ಹದಿನೆಂಟು ತಿಂಗಳಿಗೆ ಪೇಟೆಂಟ್ ಆಫೀಸು ಅದನ್ನ ಜರ್ನಲ್ಲಲ್ಲಿ ಪ್ರಕಟ ಮಾಡುತ್ತೆ, ಆ ಜರ್ನಲ್ ಪ್ರತಿ ಶುಕ್ರವಾರ ಬರುತ್ತೆ. ಪ್ರಕಟ ಆಯ್ತು ಅಂದ ಮಾತ್ರಕ್ಕೆ ಹಕ್ಕು ಸಿಕ್ತು ಅಂತಲ್ಲ, ಗ್ರಾಂಟ್ ಆಗೋ ತನಕ ಯಾರ ಮೇಲೂ ಕೇಸ್ ಹಾಕೋ ಹಾಗಿಲ್ಲ. ಆದ್ರೆ ಸುಮ್ನೆ ಕೂರೋ ಹಾಗೂ ಇಲ್ಲ, ಯಾಕಂದ್ರೆ ಮುಂದೆ ಗ್ರಾಂಟ್ ಆಗ್ಬಿಟ್ರೆ ಆ ಪ್ರಕಟವಾದ ದಿನದಿಂದ್ಲೇ ಹಕ್ಕು ಲೆಕ್ಕಕ್ಕೆ ಬರುತ್ತೆ, ಹಿಂದಿನ ನಷ್ಟಾನೂ ಕೇಳ್ಬೋದು.

ಆಮೇಲೆ ಅವಳು ಸೆಕ್ಷನ್ 25(1) ಹೇಳಿದ್ಲು. ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲಿ ಇರೋದು. ಅರ್ಜಿ ಪ್ರಕಟ ಆಗಿ, ಇನ್ನೂ ಗ್ರಾಂಟ್ ಆಗಿಲ್ಲ ಅಂದ್ರೆ, "ಯಾವುದೇ ವ್ಯಕ್ತಿ" ಲಿಖಿತವಾಗಿ ಆಕ್ಷೇಪಣೆ ಹಾಕ್ಬೋದು. ಆ ವ್ಯಾಪಾರದಲ್ಲೇ ಇರ್ಬೇಕು ಅಂತಿಲ್ಲ, ಕಂಪನಿ ಆಗಿರ್ಬೇಕು ಅಂತಿಲ್ಲ, ಅದರಿಂದ ನಷ್ಟ ಆಗಿರ್ಬೇಕು ಅಂತಾನೂ ಇಲ್ಲ, ಒಬ್ಬ ರೈಟರ್ ಕೂಡ ಹಾಕ್ಬೋದು. ಕೋರ್ಟಿಗೆ ಹೋಗೋದೇ ಬೇಡ, ಪೇಟೆಂಟ್ ಆಫೀಸಲ್ಲೇ ನಡೆಯುತ್ತೆ, ಕರ್ನಾಟಕದ್ದೆಲ್ಲ ಚೆನ್ನೈ ಆಫೀಸಿಗೆ ಬರುತ್ತೆ. ಪ್ರಕಟ ಆಗಿ ಆರು ತಿಂಗಳಾಗೋ ತನಕ ಯಾವ ಅರ್ಜಿಯನ್ನೂ ಗ್ರಾಂಟ್ ಮಾಡೋ ಹಾಗಿಲ್ಲ, ಹಾಗಾಗಿ ಅಷ್ಟು ಕಾಲಾವಕಾಶವಂತೂ ಗ್ಯಾರಂಟಿ. ಗ್ರಾಂಟ್ ಆದ್ಮೇಲೆ 25(2) ಅಂತ ಇದೆ, ಅದಕ್ಕೆ ಒಂದು ವರ್ಷ ಟೈಮು, ಮೂರು ಜನರ ಒಂದು ಮಂಡಳಿ ನೋಡುತ್ತೆ, ಆದ್ರೆ ಅಲ್ಲಿ ಆ ವಿಷಯದಲ್ಲಿ ಹಿತಾಸಕ್ತಿ ಇರೋರು ಮಾತ್ರ ಬರ್ಬೋದು. ಅದೂ ದಾಟಿದ್ರೆ ಹೈಕೋರ್ಟೇ ಗತಿ, ಮುಂಚೆ ಇದ್ದ ಮೇಲ್ಮನವಿ ಮಂಡಳಿ 2021ರಲ್ಲಿ ಮುಚ್ಚಿಹೋಯ್ತು. ತಡ ಆದಷ್ಟೂ ಖರ್ಚು ಜಾಸ್ತಿ, ಬಾಗಿಲು ಸಣ್ಣದು.

ಇನ್ನು ಸಾಫ್ಟ್‌ವೇರ್ ವಿಷಯಕ್ಕೆ ಬಂದ್ರೆ ಸೆಕ್ಷನ್ 3(ಕೆ) ಇದೆ. ಗಣಿತದ ವಿಧಾನ, ವ್ಯಾಪಾರದ ವಿಧಾನ, ಕಂಪ್ಯೂಟರ್ ಪ್ರೋಗ್ರಾಂ ಪರ್ ಸೆ (ಅಂದ್ರೆ ಬರೀ ಪ್ರೋಗ್ರಾಂ ಅಷ್ಟೇ), ಆಲ್ಗಾರಿದಮ್, ಇವು ಆವಿಷ್ಕಾರ ಅಲ್ಲ. ಈ "ಪರ್ ಸೆ" ಅನ್ನೋ ಎರಡು ಪದದ ಮೇಲೆ ಇಪ್ಪತ್ತು ವರ್ಷದಿಂದ ಜಗಳ ನಡೀತಿದೆ. ಬರೀ ಪ್ರೋಗ್ರಾಂಗೆ ಇಲ್ಲ ಸರಿ, ಜೊತೆಗೆ ಒಂದು ಯಂತ್ರ ಸೇರಿಸಿಬಿಟ್ರೆ? 2004ರ ಕೊನೇಲಿ ಸುಗ್ರೀವಾಜ್ಞೆ ತಂದು ಈ ಕಲಂ ಸಡಿಲ ಮಾಡೋಕೆ ನೋಡಿದ್ರು, 2005ರಲ್ಲಿ ಪಾರ್ಲಿಮೆಂಟಲ್ಲಿ ಅದನ್ನ ಬಿಟ್ಟು ಹಳೇದನ್ನೇ ಉಳಿಸಿಕೊಂಡ್ರು. ಆಮೇಲೆ 2015ರ ಆಗಸ್ಟಲ್ಲಿ ಪೇಟೆಂಟ್ ಆಫೀಸು ತನ್ನದೇ ಮಾರ್ಗಸೂಚಿಯಲ್ಲಿ ಸಡಿಲ ಮಾಡ್ತು, ಫ್ರೀ ಸಾಫ್ಟ್‌ವೇರ್ ಜನ, ಸ್ಟಾರ್ಟಪ್‌ಗಳು ಕಾಗದ ಬರೆದು ಗಲಾಟೆ ಮಾಡಿದ್ಮೇಲೆ ಡಿಸೆಂಬರಲ್ಲಿ ತಡೆಹಿಡಿದ್ರು. 2016ರ ಫೆಬ್ರವರಿಯಲ್ಲಿ ಹಾರ್ಡ್‌ವೇರಲ್ಲೇ ಹೊಸತನ ಇರ್ಬೇಕು ಅಂತ ಬಿಗಿ ಮಾಡಿದ್ರು, 2017ರಲ್ಲಿ ಮತ್ತೆ ಅದನ್ನ ತೆಗೆದ್ರು. 2019ರ ಡಿಸೆಂಬರಲ್ಲಿ ಫರೀದ್ ಅಲ್ಲಾನಿ ಕೇಸಲ್ಲಿ ದೆಹಲಿ ಹೈಕೋರ್ಟು ತಾಂತ್ರಿಕ ಪರಿಣಾಮ ಇದ್ರೆ ಕಂಪ್ಯೂಟರ್ ಪ್ರೋಗ್ರಾಂ ಆಧಾರದ ಆವಿಷ್ಕಾರಕ್ಕೂ ಪೇಟೆಂಟ್ ಕೊಡ್ಬೋದು ಅಂತು. ಹಾಗಾಗಿ 3(ಕೆ) ಒಂದನ್ನೇ ನಂಬ್ಕೊಂಡು ಹೋಗ್ಬೇಡ ಅಂದ್ಲು ಗೆಳತಿ. ತೂಕದ ಯಂತ್ರ, ಕಾರ್ಡು, ಸರ್ವರು ಅಂತ ಅವರು ಸೇರಿಸಿರೋದೇ ಆ ಕಲಮಿಂದ ತಪ್ಪಿಸ್ಕೊಳ್ಳೋಕೆ. "ಇದು ಮುಂಚೇನೇ ಇತ್ತು ಅಂತ ತೋರ್ಸು, ತಾರೀಖಿರೋ ಕಾಗದ ಬೇಕು. ಕಾಗದ ಇಲ್ದೇ ನೀನು ಎಷ್ಟು ಕೂಗಿದ್ರೂ ಪ್ರಯೋಜನ ಇಲ್ಲ."

ನಮ್ಮ ಸ್ವಂತ 2019ರ ಬಿಲ್ಲು ಇತ್ತು, ಜಿಎಸ್‌ಟಿ ನಂಬರ್ ಸಮೇತ, ಅವರ ಅರ್ಜಿಗಿಂತ ಎರಡು ವರ್ಷ ಮುಂಚಿನದ್ದು. ಆದ್ರೆ ನಮ್ಮ ಆಗಿನ ವರ್ಷನ್ನಲ್ಲಿ ತೂಕದ ಯಂತ್ರದ ಕನೆಕ್ಷನ್ ಇರ್ಲಿಲ್ಲ, ಕೈಯಲ್ಲಿ ಟೈಪ್ ಮಾಡ್ಬೇಕಿತ್ತು. ಅದೊಂದು ಕೊಂಡಿ ತಪ್ಪಿಹೋಗಿತ್ತು.

ಆಗ ನೆನಪಾದದ್ದು ಮೇಷ್ಟ್ರು. ನಾನು ಪಿಯುಸಿ ಓದೋವಾಗ ಅವರ ಹತ್ರಾನೇ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದು. ಕ್ಲಾಸ್ ಮುಚ್ಚಿ ಹತ್ತು ವರ್ಷದ ಮೇಲಾಗಿದೆ, ಈಗ ಮಲ್ಲಂದೂರು ರಸ್ತೆಯಲ್ಲಿ ಮನೇಲೇ ಇರ್ತಾರೆ. ಹೋಗಿ ವಿಷಯ ಹೇಳಿದೆ. ಕಾಫಿ ಕುಡಿಯೋ ತನಕ ಏನೂ ಮಾತಾಡ್ಲಿಲ್ಲ, ಆಮೇಲೆ "ಬಾ" ಅಂತ ಅಟ್ಟಕ್ಕೆ ಕರ್ಕೊಂಡು ಹೋದ್ರು. ಅಲ್ಲಿ ಒಂದು ತಗಡಿನ ಟ್ರಂಕು. ಒಳಗೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟ್‌ಔಟು, ಎರಡೂ ಅಂಚಲ್ಲಿ ತೂತಿರೋ ಆ ಉದ್ದನೇ ಪೇಪರು, ಮಡಿಕೆ ಮಡಿಕೆಯಾಗಿ ಒಂದಡಿ ಎತ್ತರ. ಅಂಚು ಹಳದಿಯಾಗಿತ್ತು, ಬೆಳ್ಳಿಮೀನು ಹುಳ ಅಲ್ಲಲ್ಲಿ ತಿಂದಿತ್ತು, ಶಾಯಿ ಮಾಸಿ ಬೂದಿ ಬಣ್ಣ ಆಗಿತ್ತು, ಆದ್ರೆ ಓದೋಕಾಗ್ತಿತ್ತು. ಪ್ರತಿ ಹಾಳೆಯ ಮೇಲೆ ಬಲಗಡೆ ತಾರೀಖು. ಮೊದಲನೇದು 1998ರ ಡಿಸೆಂಬರ್. ಬಿಲ್ಲೆ ನಂಬರು, ತೂಕ, ಮಿತಿ, ಹೆಚ್ಚಿನ ಕೇಜಿ, ದರ, ಒಟ್ಟು. ನಾನು ಆ ಕಾಲಮ್ಮಿನ ಹೆಸರುಗಳನ್ನ ಬೆರಳಲ್ಲಿ ಒಂದೊಂದಾಗಿ ಮುಟ್ಟಿ ನೋಡಿದೆ. ಆ ಅರ್ಜಿಯ ಮೊದಲನೇ ಕ್ಲೈಮಿನ ಅರ್ಧಕ್ಕರ್ಧ ಅಲ್ಲೇ ಇತ್ತು, ಅದೇ ಕ್ರಮದಲ್ಲಿ.

ಮೇಷ್ಟ್ರು ಹೇಳಿದ್ರು, 1996ರ ಹೊತ್ತಿಗೆ ಕಾಫಿ ಬೋರ್ಡಿನ ಪೂಲಿಂಗ್ ಪೂರ್ತಿ ಹೋಯ್ತಲ್ಲ, ಅಲ್ಲಿ ತನಕ ಬೆಳೆ ಬೋರ್ಡಿಗೆ ಹಾಕಿದ್ರೆ ಮುಗೀತಿತ್ತು, ಆಮೇಲೆ ಬೆಳೆಗಾರರೇ ಮಾರ್ಬೇಕು, ಕೇಜಿಗೆ ನನಗೆ ಎಷ್ಟು ಖರ್ಚು ಬಿತ್ತು ಅಂತ ಮೊದಲ ಸಲ ಎಲ್ರೂ ಕೇಳೋಕೆ ಶುರು ಮಾಡಿದ್ರು. ಆಗ ಇವರು ಫಾಕ್ಸ್‌ಪ್ರೋ ಅನ್ನೋ ಆ ಕಾಲದ ಡೇಟಾಬೇಸ್ ಸಾಫ್ಟ್‌ವೇರಲ್ಲಿ ಒಂದು ಪ್ರೋಗ್ರಾಂ ಬರೆದು ಹನ್ನೊಂದು ತೋಟಕ್ಕೆ ಮಾರಿದಾರೆ. ಬಿಲ್ ಬುಕ್ಕಿನ ಕಾರ್ಬನ್ ಕಾಪಿ ಸಮೇತ ಇದೆ. ನನಗೆ ಬೇಕಾಗಿದ್ದ ಕೊಂಡಿ ಸಿಕ್ಕಿದ್ದು ಆ ಬಿಲ್ ಬುಕ್ಕಲ್ಲೇ, 2003ರ ಜನವರಿಯ ಒಂದು ಬಿಲ್ಲು, ಮೂಡಿಗೆರೆ ಕಡೆಯ ತೋಟದ್ದು, "ಎಲೆಕ್ಟ್ರಾನಿಕ್ ತಕ್ಕಡಿಯಿಂದ ಕಂಪ್ಯೂಟರ್‌ಗೆ ಸೀರಿಯಲ್ ಕೇಬಲ್, ಪ್ರೋಗ್ರಾಂ ಬದಲಾವಣೆ" ಅಂತ ಮೇಷ್ಟ್ರ ಕೈಬರಹ. ತಕ್ಕಡಿ ಮೇಲೆ ಚೀಲ ಇಟ್ಟ ತಕ್ಷಣ ತೂಕ ತಾನಾಗೇ ಸ್ಕ್ರೀನಿಗೆ ಬರ್ತಿತ್ತಂತೆ. "ಅದು ದೊಡ್ಡ ವಿಷಯ ಅಂತ ನನಗೆ ಅನಿಸ್ಲೇ ಇಲ್ಲ ಕಣಪ್ಪ, ರೈಟರ್‌ಗೆ ಕಣ್ಣು ಸರಿಯಿರ್ಲಿಲ್ಲ, ಅದಕ್ಕೆ ಮಾಡಿಕೊಟ್ಟೆ" ಅಂದ್ರು. ಇಲ್ಲಿ ನನ್ನ ಗಂಟಲು ಕಟ್ಟಿಬಂತು.

ನನಗೆ ಅರಿಶಿನದ ಕೇಸ್ ನೆನಪಾಗಿದ್ದೂ ಅವತ್ತೇ. ಗಾಯಕ್ಕೆ ಅರಿಶಿನ ಹಚ್ಚೋದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ರು, ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಮೆಡಿಕಲ್ ಸೆಂಟರಿಗೆ. ನಮ್ಮ ಸರ್ಕಾರದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ನವರು ಕೋರ್ಟಿಗೆ ಹೋಗ್ಲಿಲ್ಲ, ಅಲ್ಲಿಯ ಪೇಟೆಂಟ್ ಆಫೀಸಿಗೇ ಇದನ್ನ ಮತ್ತೆ ಪರೀಕ್ಷೆ ಮಾಡಿ ಅಂತ ಅರ್ಜಿ ಹಾಕಿದ್ರು, 1997ರಲ್ಲಿ ರದ್ದಾಯ್ತು. ನಮ್ಮ ಅಜ್ಜಿ ಹಚ್ತಿದ್ರು ಅಂದ್ರೆ ಅಲ್ಲಿ ನಡೀತಿರ್ಲಿಲ್ಲ, ಹಳೇ ಸಂಸ್ಕೃತ ಗ್ರಂಥ, 1953ರ ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಜರ್ನಲ್ಲಿನ ಒಂದು ಲೇಖನ, ಹೀಗೆ ಒಟ್ಟು 32 ದಾಖಲೆ ಜೋಡಿಸಿ ಕೊಟ್ಟಿದ್ರು. ಮನೆಮನೆಗೂ ಗೊತ್ತಿರೋ ವಿಷಯಕ್ಕೇ ಅಷ್ಟು ಕಾಗದ ಬೇಕಾಯ್ತು ಅಂದ್ಮೇಲೆ ಹನ್ನೊಂದು ತೋಟಕ್ಕೆ ಮಾತ್ರ ಗೊತ್ತಿದ್ದ ಪ್ರೋಗ್ರಾಂ ಕಥೆ ಏನು.

ಸಾಫ್ಟ್‌ವೇರಲ್ಲಿ ಇದೇ ಥರದ್ದು ಅಮೆರಿಕದಲ್ಲಿ ಪಾಡ್‌ಕ್ಯಾಸ್ಟಿಂಗ್ ಪೇಟೆಂಟಿಗೆ ಆಯ್ತು. ಪರ್ಸನಲ್ ಆಡಿಯೋ ಅನ್ನೋ ಕಂಪನಿ ಕಂತು ಕಂತಾಗಿ ಆಡಿಯೋ ಹಂಚೋದೇ ನಮ್ಮ ಪೇಟೆಂಟ್ ಅಂತ ಪಾಡ್‌ಕ್ಯಾಸ್ಟ್ ಮಾಡೋರ ಮೇಲೆಲ್ಲ ಕೇಸ್ ಹಾಕ್ತಿತ್ತು. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಅನ್ನೋ ಡಿಜಿಟಲ್ ಹಕ್ಕುಗಳ ಸಂಸ್ಥೆ ಜನರಿಂದ ಚಂದಾ ಎತ್ತಿ 2013ರ ಅಕ್ಟೋಬರಲ್ಲಿ ಪೇಟೆಂಟ್ ಆಫೀಸಿನ ಒಳಗಿರೋ ಮಂಡಳಿಯಲ್ಲೇ ಅರ್ಜಿ ಹಾಕ್ತು, ಇಂಟರ್ ಪಾರ್ಟೀಸ್ ರಿವ್ಯೂ ಅಂತಾರೆ ಅದನ್ನ, 2011ರ ಕಾಯ್ದೆಯಿಂದ ಬಂದು 2012ರಲ್ಲಿ ಶುರುವಾಗಿದ್ದು. ಆಧಾರ ಏನು ಗೊತ್ತಾ, ಸಿಎನ್‌ಎನ್ ಮುಂಚೇನೇ ನ್ಯೂಸನ್ನ ಇಂಟರ್ನೆಟ್ಟಲ್ಲಿ ಕಂತಾಗಿ ಹಾಕ್ತಿದ್ದದ್ದು, ಕೆನಡಾದ ಸಿಬಿಸಿ ರೇಡಿಯೋದ ಒಂದು ವಿಜ್ಞಾನ ಕಾರ್ಯಕ್ರಮ ಆನ್‌ಲೈನಲ್ಲಿ ಸಿಗ್ತಿದ್ದದ್ದು. 2015ರ ಏಪ್ರಿಲಲ್ಲಿ ಆ ಕ್ಲೈಮುಗಳು ಬಿದ್ದುಹೋದ್ವು, 2017ರಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡೀತು.

ಆದ್ರೆ ಅಲ್ಲಿಯ ಆ ದಾರಿ ನಮ್ಮಂಥವರಿಗಲ್ಲ. ಫೀಸೇ ಹತ್ತಾರು ಸಾವಿರ ಡಾಲರು, ಲಾಯರ್ ಖರ್ಚು ಬೇರೆ. ಅದಕ್ಕಿಂತ ಮುಖ್ಯ, ಆ ರಿವ್ಯೂನಲ್ಲಿ ಹಳೇ ಪೇಟೆಂಟು ಅಥವಾ ಪ್ರಕಟವಾದ ಮುದ್ರಿತ ದಾಖಲೆ ಮಾತ್ರ ತೋರಿಸ್ಬೋದು, ಇದನ್ನ ಆಗ್ಲೇ ಬಳಸ್ತಿದ್ರು ಮಾರ್ತಿದ್ರು ಅನ್ನೋದನ್ನ ಆಧಾರ ಮಾಡ್ಕೊಳ್ಳೋಕಾಗಲ್ಲ. ಇದು ಪೇಟೆಂಟ್ ಕೊಡೋ ವಿಷಯಾನೇ ಅಲ್ಲ, ಬರೀ ಅಮೂರ್ತ ಕಲ್ಪನೆ ಅನ್ನೋ ವಾದಾನೂ ಅಲ್ಲಿ ಎತ್ತೋ ಹಾಗಿಲ್ಲ. ಅಂದ್ರೆ ಮೇಷ್ಟ್ರ ಟ್ರಂಕು ಆ ಬಾಗಿಲಲ್ಲಿ ಒಳಗೇ ಹೋಗ್ತಿರ್ಲಿಲ್ಲ. ನಮ್ಮ 25(1)ರಲ್ಲಿ ಎರಡೂ ಇದೆ, ಭಾರತದಲ್ಲಿ ಸಾರ್ವಜನಿಕವಾಗಿ ಗೊತ್ತಿತ್ತು ಅಥವಾ ಬಳಕೆಯಲ್ಲಿತ್ತು ಅನ್ನೋದೂ ಒಂದು ಆಧಾರ, 3(ಕೆ) ಕೂಡ ಆಧಾರ. ಇಂಥ ಕಾಯ್ದೆ ನಮ್ಮ ಕೈಲಿದೆ ಅನ್ನೋದು ನಮ್ಮ ಹುಡುಗರಿಗೆ ಗೊತ್ತೇ ಇಲ್ಲ, ಬೆಂಗಳೂರಲ್ಲಿ ಹತ್ತು ವರ್ಷ ಕೋಡ್ ಬರೆದವರಿಗೂ ಗೊತ್ತಿಲ್ಲ, ನನಗೂ ಗೊತ್ತಿರ್ಲಿಲ್ಲ.

ಕಾಗದ ಸಿಕ್ಕಿದ ಮೇಲೆ ಕಷ್ಟ ಇದ್ದದ್ದು ಅಫಿಡವಿಟ್ಟಿಗೆ. ಮೇಷ್ಟ್ರು ತಕ್ಷಣ ಒಪ್ಪಿದ್ರು. ತೋಟದವರು ಯಾರಾದ್ರೂ ಹೌದು ನಾವು ಕೊಂಡಿದ್ವಿ ಬಳಸಿದ್ವಿ ಅಂತ ಹೇಳ್ಬೇಕಲ್ಲ, ಹನ್ನೊಂದರಲ್ಲಿ ನಾಲ್ಕು ತೋಟ ಮಾರಾಟ ಆಗಿತ್ತು, ಇಬ್ರು ತೀರ್ಕೊಂಡಿದ್ರು, ಇನ್ನು ಕೆಲವರು "ಹಳೇ ಕೂಲಿ ಲೆಕ್ಕ ಎಲ್ಲ ಯಾಕಪ್ಪ ಈಗ ಹೊರಗೆ ತೆಗೀತೀಯ" ಅಂದ್ರು, ಅವರ ಭಯ ನನಗೆ ಅರ್ಥ ಆಗುತ್ತೆ. ಕೆಲಸಗಾರರ ಹೆಸರು, ಸಂಬಳ ಎಲ್ಲ ಮುಚ್ಚಿ ಜೆರಾಕ್ಸ್ ಕೊಡ್ತೀವಿ, ನಮಗೆ ಬೇಕಿರೋದು ಕಾಲಮ್ಮು ಮತ್ತೆ ತಾರೀಖು ಅಷ್ಟೇ ಅಂತ ಮನೆಗೆ ಹೋಗಿ ಕೂತು ಹೇಳಿದ್ಮೇಲೆ ಮೂಡಿಗೆರೆ ಕಡೆಯ ಆ ಸೀರಿಯಲ್ ಕೇಬಲ್ ತೋಟದ ಅಮ್ಮ ಒಪ್ಪಿದ್ರು. ಅವರ ಯಜಮಾನ್ರು ಈಗಿಲ್ಲ. "ಆ ಕಂಪ್ಯೂಟರ್ ಬಂದ ದಿನ ನಮ್ಮನೇಲಿ ಪೂಜೆ ಮಾಡಿದ್ವಿ, ಫೋಟೋ ಇದೆ" ಅಂದ್ರು. ಆಲ್ಬಮ್ ತಂದ್ರು. ಕುಂಕುಮ ಹಚ್ಚಿದ ಮಾನಿಟರು, ಪಕ್ಕದಲ್ಲಿ ತಕ್ಕಡಿ, ಇಬ್ರ ಮಧ್ಯೆ ಮೇಷ್ಟ್ರು ಮೀಸೆ ಇನ್ನೂ ಕಪ್ಪಗಿರೋವಾಗ, ಫೋಟೋದ ಮೂಲೇಲಿ ಕ್ಯಾಮರಾ ಹಾಕಿದ ಕೆಂಪು ತಾರೀಖು. ಆ ಫೋಟೋನೂ ಅಫಿಡವಿಟ್ ಜೊತೆ ಹೋಯ್ತು.

ಆಕ್ಷೇಪಣೆಗೆ ಇರೋ ಫಾರ್ಮ್ 7ಎ ತುಂಬಿಸಿ ಹಾಕಿದ್ವಿ. ಮುಂಚೆ ಇದಕ್ಕೆ ಫೀಸೇ ಇರ್ಲಿಲ್ಲ, 2024ರ ಮಾರ್ಚಲ್ಲಿ ನಿಯಮ ಬದಲಾಗಿ ಫೀಸು ಬಂತು, ಅದರ ಜೊತೆಗೆ ಆಕ್ಷೇಪಣೆ ವಿಚಾರಣೆಗೆ ತಗೊಳ್ಳೋಕೆ ಯೋಗ್ಯವಾ ಇಲ್ವಾ ಅಂತ ಪೇಟೆಂಟ್ ಆಫೀಸಿನ ಅಧಿಕಾರಿ ಕಂಟ್ರೋಲರ್ ಮೊದಲೇ ನೋಡ್ತಾರೆ. ಯಾರ್ಯಾರ್ದೋ ಹೆಸರಲ್ಲಿ ಒಂದರ ಹಿಂದೆ ಒಂದು ಆಕ್ಷೇಪಣೆ ಹಾಕಿ ಅರ್ಜಿ ಎಳೆದಾಡೋರೂ ಇದ್ರಂತೆ, ಅದಕ್ಕೆ ಇದು ಅಂತಾರೆ. ಅದು ನಿಜ ಇರ್ಬೋದು, ಆದ್ರೂ ಜನಸಾಮಾನ್ಯರಿಗೆ ಅಂತ ಇಟ್ಟಿರೋ ಒಂದು ದಾರಿಗೆ ಗೇಟ್ ಹಾಕೋದು ನನಗೆ ಸರಿ ಕಾಣಲ್ಲ. ಎಳೆದಾಡೋ ದೊಡ್ಡವರಿಗೆ ಆ ಫೀಸು ಲೆಕ್ಕಕ್ಕಿಲ್ಲ, ಮೇಷ್ಟ್ರಂಥವರು ಯೋಚನೆ ಮಾಡ್ಬೇಕಾಗುತ್ತೆ.

ನಾನು ಪೇಟೆಂಟೇ ಬೇಡ ಅನ್ನೋನಲ್ಲ. ಕಡಿಮೆ ನೀರಲ್ಲಿ ಹಣ್ಣು ಪಲ್ಪ್ ಮಾಡೋ ಹೊಸ ಯಂತ್ರ ಯಾರಾದ್ರೂ ಕಷ್ಟಪಟ್ಟು ಮಾಡಿದ್ರೆ ಅವರಿಗೆ ಇಪ್ಪತ್ತು ವರ್ಷದ ಹಕ್ಕು ಸಿಗ್ಲಿ, ಸಂತೋಷ. ಕೂಡೋದು ಗುಣಿಸೋದನ್ನ ಫೋನಿಗೆ ಹಾಕಿದ್ದಕ್ಕೆ ಸಿಗ್ಬಾರ್ದು.

ನಾಲ್ಕು ತಿಂಗಳಾದ್ಮೇಲೆ ಆ ಬೆಂಗಳೂರಿನ ಕಂಪನಿಯವರ ಉತ್ತರ ಬಂತು. ಗೆಳತಿ ಫೋನಲ್ಲಿ ಓದಿ ಹೇಳಿದ್ಲು. ಹಳೇ ಮೊದಲನೇ ಕ್ಲೈಮ್ ಬಿಟ್ಟಿದಾರೆ. ಈಗ ಅದಕ್ಕೆ ಕುಯ್ದ ಜಾಗದ ಜಿಪಿಎಸ್ ಗುರುತು ತಕ್ಕಡಿಯ ತೂಕದ ಜೊತೆ ಹೊಂದಿಸೋದು ಅಂತ ಒಂದು ತುಂಡು ಸೇರಿಸಿ ಸಣ್ಣದು ಮಾಡಿದಾರೆ. ಒಂದೇ ಕ್ಲಿಕ್ಕಲ್ಲಿ ಸಾಮಾನು ಕೊಳ್ಳೋದಕ್ಕೆ ಅಂತ ಇದ್ದ ಅಮೆಜಾನಿನ ಒನ್ ಕ್ಲಿಕ್ ಪೇಟೆಂಟಿಗೂ ಹೀಗೇ ಆಗಿತ್ತಂತೆ, ನ್ಯೂಜಿಲೆಂಡಿನ ಪೀಟರ್ ಕ್ಯಾಲ್ವಲೀ ಅನ್ನೋ ಒಬ್ಬ ನಟ, ಲಾಯರ್ರೂ ಅಲ್ಲ, ಜನರಿಂದ ದುಡ್ಡು ಸೇರಿಸಿ ಮರುಪರೀಕ್ಷೆಗೆ ಹಾಕಿದ, 2007ರಲ್ಲಿ ಬಹಳಷ್ಟು ಕ್ಲೈಮು ತಿರಸ್ಕಾರ ಆಯ್ತು, ಕೊನೆಗೆ 2010ರಲ್ಲಿ ಶಾಪಿಂಗ್ ಕಾರ್ಟಿಗೆ ಮಾತ್ರ ಸೀಮಿತ ಮಾಡ್ಕೊಂಡು ಉಳ್ಕೊಂಡ್ರು. ಪೂರ್ತಿ ಬೀಳ್ಲಿಲ್ಲ, ಆದ್ರೆ ಬೇಲಿ ಹಿಂದಕ್ಕೆ ಹೋಯ್ತು. ನಮ್ಮದರಲ್ಲಿ ಜಿಪಿಎಸ್ ಇಲ್ಲ, ಬೇಕಾಗೂ ಇಲ್ಲ. ಹಾಗಾಗಿ ನಮ್ಮ ಗೌಡ್ರಿಗೆ ಈಗ ಏನೂ ಭಯ ಇಲ್ಲ ಅಂತ ಅವತ್ತೇ ಫೋನ್ ಮಾಡಿ ಹೇಳ್ದೆ, "ಹಂಗಾದ್ರೆ ಈ ಸಲ ರೊಬಸ್ಟಾಕ್ಕೂ ನಿಂದೇ ಇರ್ಲಿ" ಅಂದ್ರು. ಆದ್ರೆ ಆಕ್ಷೇಪಣೆ ವಾಪಸ್ ತಗೊಂಡಿಲ್ಲ, ಜಿಪಿಎಸ್ ಸೇರಿಸೋದೂ ಈ ಕೆಲಸ ಗೊತ್ತಿರೋ ಯಾರಿಗಾದ್ರೂ ಹೊಳೆಯೋ ವಿಷಯಾನೇ ಅಂತ ಇನ್ನೊಂದು ಕಾಗದ ತಯಾರು ಮಾಡ್ತಿದೀವಿ. ಹಿಯರಿಂಗ್ ನೋಟಿಸ್ ಇನ್ನೂ ಬಂದಿಲ್ಲ, ಬಂದ್ರೆ ವಿಡಿಯೋ ಕಾಲಲ್ಲೇ ಆಗುತ್ತಂತೆ, ಮೇಷ್ಟ್ರು ಅವತ್ತು ನಮ್ಮ ರೂಮಿಗೇ ಬಂದು ಕೂರ್ತೀನಿ ಅಂದಿದಾರೆ.

ಟ್ರಂಕಿನ ಪೇಪರೆಲ್ಲ ಸ್ಕ್ಯಾನ್ ಮಾಡಿ, ಗಾಳಿಯಾಡದ ಡಬ್ಬಿಗೆ ಹಾಕಿ ವಾಪಸ್ ಕೊಟ್ವಿ. ಹೋದ ವಾರ ಹಾಸನದಿಂದ ಒಬ್ರು ಫೋನ್ ಮಾಡಿದ್ರು, ಮೇಷ್ಟ್ರ ಪರಿಚಯದವರು, ಹಳ್ಳಿ ಹಾಲಿನ ಸೊಸೈಟಿಗೆ ಫ್ಯಾಟ್ ನೋಡಿ ದುಡ್ಡು ಲೆಕ್ಕ ಹಾಕೋ ಪ್ರೋಗ್ರಾಂ ಬರೆದಿದ್ರಂತೆ ಆ ಕಾಲದಲ್ಲೇ, ಫ್ಲಾಪಿ, ರಸೀದಿ ಪುಸ್ತಕ ಎಲ್ಲ ಒಂದು ಗೋಣಿಚೀಲದಲ್ಲಿದೆ, ಮನೆಗೆ ಸುಣ್ಣ ಹೊಡೀತಿದಾರೆ, ಎಸೀಬೇಕಾ ಇಟ್ಕೋಬೇಕಾ ಅಂತ ಕೇಳಿದ್ರು. ಎಸೀಬೇಡಿ ಅಣ್ಣ ಅಂದೆ. ಭಾನುವಾರ ಬೆಳಿಗ್ಗೆ ಬಸ್ಸಿಗೆ ಹೋಗ್ತಿದೀನಿ, ಸ್ಕ್ಯಾನರ್ ತಗೊಂಡು.